ಇನ್‌ಸ್ಟಂಟ್ ಗೀಸರ್‌ಗೆ ಯಾವ ಸ್ವಿಚ್ ಹಾಕಬೇಕು?

ವೈರಿಂಗ್ ಕಲಿಯುವವರನ್ನು ಈ ಪ್ರಶ್ನೆ ಕೇಳಿದರೆ ‘ಡಿಪಿ ಸ್ವಿಚ್’ ಅಂತ ತಟ್ಟನೆ ಹೇಳುತ್ತಾರೆ. ಡಿಪಿ ಅಂದರೆ ಡಬಲ್ ಪೋಲ್, ಎರಡು ವೈರನ್ನು ಒಟ್ಟಿಗೆ ಕಡಿಯುವಂಥದ್ದು. ಸರಿಯೇ. ಆದರೆ ಎಷ್ಟು ಆಂಪಿಯರ್‌ನದು, ಎರಡು ಪೋಲ್ ಯಾಕೆ ಅನ್ನೋದೂ ಗೊತ್ತಿರಬೇಕು.

ಮೊದಲು ಕರೆಂಟ್ ಲೆಕ್ಕ. ಗೀಸರ್ ಕಾಯಿಲ್ ಬರೀ ರೆಸಿಸ್ಟೆನ್ಸ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟ್‌ನಲ್ಲಿ ಕೆಲಸಕ್ಕೆ ಬರುವ ಪಾಲು) 1. ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಯಿತು. 230 ವೋಲ್ಟ್‌ಗೆ 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. 4.5 ಕಿಲೋವ್ಯಾಟ್‌ನದು 19.6 ಆಂಪಿಯರ್. ಹಾಗಾದರೆ 20 ಆಂಪಿಯರ್ ಸ್ವಿಚ್ ಸಾಕಲ್ವಾ? ಸಾಲದು. ಆ ಕಾಯಿಲ್‌ನ ರೆಸಿಸ್ಟೆನ್ಸ್ ಸುಮಾರು 11.75 ಓಮ್. ಲೈನ್ 240 ವೋಲ್ಟ್‌ಗೆ ಏರಿದರೆ ಕರೆಂಟ್ 20.4 ಆಂಪಿಯರ್ ಆಗುತ್ತದೆ, ಸ್ವಿಚ್‌ನ ಮಿತಿ ಅಲ್ಲಿಗೇ ದಾಟಿತು. ಇದಕ್ಕೆ 32 ಆಂಪಿಯರ್ ಡಿಪಿ ಸ್ವಿಚ್ಚೇ ಬೇಕು. 3 ಕಿಲೋವ್ಯಾಟ್‌ಗೆ 20 ಆಂಪಿಯರ್‌ನದು ಧಾರಾಳ. 16 ಆಂಪಿಯರ್ ಪ್ಲಗ್ ಕೂಡ 3 ಕಿಲೋವ್ಯಾಟ್‌ವರೆಗೆ ಮಾತ್ರ. 4.5 ಕಿಲೋವ್ಯಾಟ್ ಗೀಸರ್‌ನ ವೈರನ್ನು ನೇರವಾಗಿ ಸ್ವಿಚ್‌ನ ಟರ್ಮಿನಲ್‌ಗೇ ಕೊಡಬೇಕು.

ಈಗ ಡಬಲ್ ಪೋಲ್ ವಿಷಯ. ಹಳೇ ಮನೆಗಳಲ್ಲಿ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಅದಲುಬದಲಾಗಿರುವುದು ಅಪರೂಪವೇನಲ್ಲ. ಅಂಥ ಕಡೆ ಸಿಂಗಲ್ ಪೋಲ್ ಸ್ವಿಚ್ ಹಾಕಿದರೆ ಆಫ್ ಮಾಡಿದಾಗ ಕಡಿಯುವುದು ನ್ಯೂಟ್ರಲ್. ನೀರು ಬಿಸಿಯಾಗುವುದಿಲ್ಲ, ದೀಪ ಉರಿಯುವುದಿಲ್ಲ, ಗೀಸರ್ ಆಫ್ ಆದಂತೆಯೇ ಕಾಣುತ್ತದೆ. ಆದರೆ ಕಾಯಿಲ್ ಉದ್ದಕ್ಕೂ 230 ವೋಲ್ಟ್ ಹಾಗೇ ನಿಂತಿರುತ್ತದೆ. ಮುಚ್ಚಳ ಬಿಚ್ಚಿ ಟರ್ಮಿನಲ್ ಮುಟ್ಟಿದವನಿಗೆ ಶಾಕ್ ಖಚಿತ. ಒದ್ದೆ ಕೈ, ಒದ್ದೆ ನೆಲ ಇರುವ ಜಾಗ ಬೇರೆ. ಡಿಪಿ ಸ್ವಿಚ್ ಎರಡೂ ವೈರನ್ನು ಒಟ್ಟಿಗೆ ಕಡಿಯುತ್ತದೆ, ಹಾಗಾಗಿ ಯಾವುದು ಫೇಸ್ ಆಗಿದ್ದರೂ ಭಯವಿಲ್ಲ. ಅರ್ಥ್ ವೈರನ್ನು ಮಾತ್ರ ಯಾವ ಸ್ವಿಚ್ಚಿನ ಮೂಲಕವೂ ಹಾಯಿಸಬಾರದು.

ಇಷ್ಟಾದರೂ ಸ್ವಿಚ್ ಯಾರನ್ನೂ ಕಾಪಾಡುವುದಿಲ್ಲ, ಅದು ಕಡಿಯುವುದು ನಾವು ಒತ್ತಿದಾಗ ಮಾತ್ರ. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಆದರೆ ಟ್ರಿಪ್ ಆಗುವುದು ಎಂಸಿಬಿ. ನೀರಿಗೆ ಕರೆಂಟ್ ಲೀಕ್ ಆದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. 3 ಕಿಲೋವ್ಯಾಟ್‌ಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ. 4.5 ಕಿಲೋವ್ಯಾಟ್‌ಗೆ 4 ಸ್ಕ್ವೇರ್ ಎಂಎಂ, 25 ಆಂಪಿಯರ್ ಎಂಸಿಬಿ. ಸ್ವಿಚ್ ದೊಡ್ಡದು ಹಾಕಿ ವೈರ್ ಹಳೇದೇ ಬಿಟ್ಟರೆ ಸುಮ್ನೆ ದುಡ್ಡು ದಂಡ.

ಒಳ್ಳೇ ಸ್ವಿಚ್ ಕೂಡ ಸುಡುವುದು ಸ್ಕ್ರೂ ಸಡಿಲವಿದ್ದಾಗ. ಸಡಿಲ ಟರ್ಮಿನಲ್‌ನಲ್ಲಿ ಬರೀ 0.1 ಓಮ್ ಇದೆ ಅಂದುಕೊಳ್ಳಿ. 20 ಆಂಪಿಯರ್ ಹರಿದರೆ ಅಲ್ಲೇ 40 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನೇ 25 ವ್ಯಾಟ್ ಇರುತ್ತದೆ! ಸ್ವಿಚ್ ಪ್ಲೇಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಪ್ಲೇಟ್ ಬಿಚ್ಚಿ ಟರ್ಮಿನಲ್ ನೋಡಿ.

ಜಾಗದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಬಾತ್‌ರೂಮ್ ಬಾಗಿಲ ಹೊರಗೆ, ಕೈಗೆಟುಕುವ ಎತ್ತರ.

ರಿಪೇರಿಗೆ ಕೈ ಹಾಕುವಾಗ ಸ್ವಿಚ್‌ನ ಇಂಡಿಕೇಟರ್ ದೀಪ ನಂಬಬೇಡಿ. ಆ ಪುಟ್ಟ ನಿಯಾನ್ ಬಲ್ಬ್ ಕೆಟ್ಟಿದ್ದರೆ ಕರೆಂಟ್ ಇದ್ದರೂ ಉರಿಯುವುದಿಲ್ಲ. ಟೆಸ್ಟರ್ ಅನ್ನು ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ಇಟ್ಟು ಉರಿಯುತ್ತದಾ ನೋಡಿ, ಆಮೇಲೆ ಅದನ್ನು ಗೀಸರ್‌ನ ಎರಡೂ ಟರ್ಮಿನಲ್‌ಗೆ ಒಂದೊಂದಾಗಿ ಮುಟ್ಟಿಸಿ ನೋಡಿ.