ಪೊರೆಯನ್ನೇ ಬಗ್ಗಿಸುವ ಹನಿಗಳು

ಮಳೆಗಾಲದಲ್ಲಿ ಉಡುಪಿ ಕಡೆಯ ತೋಟಗಳಲ್ಲಿ ಕೆಸುವಿನ ಎಲೆ ನೋಡಿದ್ದೀರಲ್ವಾ? ನೀರು ಅದಕ್ಕೆ ಅಂಟದೆ ಉರುಳುತ್ತದೆ. ಅದೇ ನೀರು ಮುರಕಲ್ಲಿನ ಮೇಲೆ ಬಿದ್ದರೆ ಹರಡಿಕೊಳ್ಳುತ್ತದೆ. ಉರುಳುವುದೋ, ಹರಡುವುದೋ ಎಂಬ ಇದೇ ಲೆಕ್ಕ ಜೀವಕೋಶದೊಳಗೂ ನಡೆಯುತ್ತದೆ. ಅಲ್ಲಿಯ ಹನಿ ಮಾತ್ರ ಪ್ರೋಟೀನಿನದು.

ಕೆಲವು ಪ್ರೋಟೀನ್‌ಗಳು ಒಂದು ಮಟ್ಟಕ್ಕಿಂತ ಜಾಸ್ತಿಯಾದರೆ ಒಟ್ಟುಗೂಡಿ, ಸುತ್ತಲಿನ ದ್ರವದಿಂದ ಬೇರೆಯಾಗಿ ಹನಿ ಕಟ್ಟುತ್ತವೆ. ಇವೇ ಕಂಡೆನ್ಸೇಟ್‌ಗಳು. 2009ರಲ್ಲಿ ವಿಜ್ಞಾನಿಗಳಾದ ಕ್ಲಿಫರ್ಡ್ ಬ್ರಾಂಗ್ವಿನ್, ಟೋನಿ ಹೈಮನ್ ಮತ್ತು ಜೊತೆಗಾರರು ಪುಟ್ಟ ಹುಳುವೊಂದರ ಭ್ರೂಣದಲ್ಲಿ ಇವು ದ್ರವದಂತೆಯೇ ಬೆರೆಯುವುದನ್ನೂ ತೊಟ್ಟಿಕ್ಕುವುದನ್ನೂ ತೋರಿಸಿದರು.

ಇವುಗಳ ಮೇಲ್ಮೈ ಸೆಳೆತ, ಅಂದರೆ ಹನಿಯನ್ನು ಗುಂಡಗೆ ಹಿಡಿದಿಡುವ ಬಲ, ಸಾಮಾನ್ಯವಾಗಿ ನೀರಿಗಿಂತ ಸಾವಿರಾರು ಪಟ್ಟು ಕಮ್ಮಿ. ಇಷ್ಟರಿಂದ ಏನಾದೀತು? ಆದರೆ ಕೋಶದ ಪೊರೆಯೂ ಅಷ್ಟೇ ನಾಜೂಕು. ದಪ್ಪ ಬರೀ 4–5 ನ್ಯಾನೋಮೀಟರ್. ಅದನ್ನು ಹಿಗ್ಗಿಸುವುದು ಕಷ್ಟ, ಬಗ್ಗಿಸುವುದು ಸಲೀಸು. ಹನಿ ಅಂಟಿಕೊಂಡಾಗ ಅದರ ಅಂಚು ಪೊರೆಯನ್ನು ಎಳೆಯುತ್ತದೆ. ಪೊರೆ ಸಡಿಲವಿದ್ದರೆ ಹನಿಯನ್ನು ಅಪ್ಪಿಕೊಂಡು ಉಬ್ಬುತ್ತದೆ, ಇಲ್ಲವೇ ಸಪೂರ ಕೊಳವೆಯಾಗುತ್ತದೆ. ಇಷ್ಟು ಸಣ್ಣ ಹನಿಗಳಲ್ಲಿ ತೂಕ ಲೆಕ್ಕಕ್ಕೇ ಇಲ್ಲ. ಎಲ್ಲವೂ ಅಂಟಿನ, ಸೆಳೆತದ ಆಟ.

ಇದರ ಅತ್ಯಂತ ಚಂದದ ಉದಾಹರಣೆ, ನನ್ನ ಪ್ರಕಾರ, ಬೀಜದಲ್ಲಿದೆ. ಕೋಸಂಬರಿಗೆ ಹಾಕುವ ಹೆಸರುಬೇಳೆಯಲ್ಲಿ ಪ್ರೋಟೀನ್ ಕೂಡಿಟ್ಟಿರುವುದು ಪುಟ್ಟಪುಟ್ಟ ರಸದಾನಿಗಳಲ್ಲಿ, ಅಂದರೆ ಕೋಶದೊಳಗಿನ ಪೊರೆ ಸುತ್ತಿದ ಚೀಲಗಳಲ್ಲಿ (ವ್ಯಾಕ್ಯೂಲ್). ಈ ಪುಟ್ಟವು ಎಲ್ಲಿಂದ ಬಂದವು? ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಗಿಡದಲ್ಲಿ 2021ರಲ್ಲಿ ಒಂದು ಉತ್ತರ ಸಿಕ್ಕಿತು. ಬೀಜ ಬಲಿಯುವಾಗ ದೊಡ್ಡ ರಸದಾನಿಯೊಳಗೆ ಪ್ರೋಟೀನ್ ಹನಿ ಕಟ್ಟುತ್ತದೆ. ಹನಿಗಳು ಒಳಗಿನಿಂದ ಪೊರೆಗೆ ಅಂಟಿ, ಅದನ್ನು ಬಗ್ಗಿಸಿ, ಒಂದನ್ನು ಹಲವಾಗಿ ಒಡೆಯಲು ನೆರವಾಗುತ್ತವೆ.

ಮಿದುಳಿನಲ್ಲಿ ಇಂಥ ಪ್ರೋಟೀನ್ ಹನಿಗಳು ಪೊರೆಗಳನ್ನು ಒಟ್ಟುಗೂಡಿಸುತ್ತವೆ. ನರತಂತುವಿನ ತುದಿಯಲ್ಲಿ ಸುಮಾರು 40 ನ್ಯಾನೋಮೀಟರ್ ಅಗಲದ ಪೊರೆಚೀಲಗಳು ಗುಂಪಾಗಿರುತ್ತವೆ. ಸಿನಾಪ್ಸಿನ್ ಎಂಬ ಪ್ರೋಟೀನಿನ ಹನಿ ಇಂಥ ಚೀಲಗಳನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ ಎಂದು 2018ರ ಪ್ರಯೋಗವೊಂದು ತೋರಿಸಿತು.

ಆದರೆ ಎಲ್ಲದಕ್ಕೂ ಹನಿಯೇ ಕಾರಣ ಅಂತ ಸುಮ್ನೆ ಹೇಳಿಬಿಡುವಂತಿಲ್ಲ. ತುಂಬಾ ಸಾಕ್ಷ್ಯ ಸಿಕ್ಕಿರುವುದು ಪ್ರಯೋಗಾಲಯದಲ್ಲಿ ಕಟ್ಟಿದ ಕೃತಕ ಪೊರೆಗುಳ್ಳೆಗಳಲ್ಲಿ. ಜೀವಂತ ಕೋಶದಲ್ಲಿ ಅದಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು, ಪೊರೆಗೆ ಕವಚ ಹಾಕುವ ಕ್ಲಾತ್ರಿನ್ ಇವೆಲ್ಲ ಒಟ್ಟಿಗೇ ದುಡಿಯುತ್ತವೆ. ಯಾರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.