ಹೇಗೇಸೋ ಶಿಲೆ: ಕೊನೆಯ ಒಂದು ‘ಒ’

ಕಲ್ಲಿನ ಮೇಲಿರುವುದು ಬರೀ 12 ಗ್ರೀಕ್ ಅಕ್ಷರ. ಆದರೂ ಎರಡು ಸಂಜೆ ಅದರಲ್ಲೇ ಸಿಕ್ಕಿಕೊಂಡಿದ್ದೆ. ಮರೆಯುವ ಮುಂಚೆ ಬರೆದಿಡುತ್ತೇನೆ.

ಅಥೆನ್ಸ್‌ನ ಕೆರಮೈಕೋಸ್ ಸ್ಮಶಾನದಲ್ಲಿ 1870ರಲ್ಲಿ ಸಿಕ್ಕ ಸಮಾಧಿಗಲ್ಲು, ಕ್ರಿ.ಪೂ. 5ನೇ ಶತಮಾನದ ಕೊನೆಯದು. ಕುರ್ಚಿಯಲ್ಲಿ ಕೂತ ಹೆಂಗಸು, ಎದುರಿಗೆ ಪೆಟ್ಟಿಗೆ ಹಿಡಿದು ನಿಂತ ದಾಸಿ. ಕೂತವಳ ಬೆರಳು ಏನನ್ನೋ ಎತ್ತಿ ಹಿಡಿದಿವೆ, ಅಲ್ಲಿ ಏನೂ ಕಾಣದು. ಆ ಒಡವೆಯನ್ನು ಬಣ್ಣದಲ್ಲಿ ಬರೆದಿದ್ದರು, ಬಣ್ಣ ಅಳಿಸಿಹೋಗಿದೆ. ಮೇಲ್ಗಡೆ ‘ಹೇಗೇಸೋ ಪ್ರೊಕ್ಸೆನೊ’.

ಕೂತವಳು ಹೇಗೇಸೋ, ನಿಂತವಳು ಪ್ರೊಕ್ಸೆನೊ ಅಂದುಕೊಂಡೆ. ತಪ್ಪು. ಮೊದಲ ಪದ ಮುಗಿಯುವುದು ಒಮೆಗಾದಲ್ಲಿ, ಅಂದರೆ ದೀರ್ಘ ಓ. ಎರಡನೆಯದು ಒಮಿಕ್ರಾನ್‌ನಲ್ಲಿ, ಅಂದರೆ ಹ್ರಸ್ವ ಒ. ಅದೂ ಹೆಂಗಸಿನ ಹೆಸರಾಗಿದ್ದರೆ ಅದೇ ಸಾಲು ಕೆತ್ತಿದವನು ಅಲ್ಲೂ ಒಮೆಗಾ ಹಾಕುತ್ತಿದ್ದ. ಹಾಗಾದರೆ ಈ ಒಮಿಕ್ರಾನ್ ಏನು? ಗ್ರೀಕ್ ಪಠ್ಯಪುಸ್ತಕದಲ್ಲಿ ನಾವು ಕಲಿಯುವ ‘ಊ’ ಎಂಬ ಷಷ್ಠಿ ಪ್ರತ್ಯಯ. ಅದನ್ನು ಆಗ ಒಂದೇ ಒಮಿಕ್ರಾನ್‌ನಿಂದ ಬರೆಯುತ್ತಿದ್ದರು. ಅಥೆನ್ಸ್ ಕ್ರಿ.ಪೂ. 403ರಲ್ಲಿ ಒಮೆಗಾ ಇರುವ ಅಯೋನಿಯನ್ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡ ಮೇಲೂ ಈ ಅಭ್ಯಾಸ ದಶಕಗಟ್ಟಲೆ ನಡೆಯಿತು. ಹಾಗಾಗಿ ‘ಪ್ರೊಕ್ಸೆನೊಸನ ಹೇಗೇಸೋ’. ‘ಮಗಳು’ ಎಂಬ ಪದವೇ ಇಲ್ಲ, ಬೇಕೂ ಇಲ್ಲ. ಹಳ್ಳಿಯಲ್ಲಿ ‘ಸಿದ್ದಪ್ಪನ ಗೌರಿ’ ಅಂದರೆ ಸಾಲದೇ?

ಹಳೆಯ ಅಥೆನ್ಸ್ ಲಿಪಿಗೆ ಹೋದರೆ ಒಮೆಗಾವೂ ಇಲ್ಲ. ಎ-ಏ ಎರಡಕ್ಕೂ ಒಂದೇ ಅಕ್ಷರ. ನಮ್ಮ ಹಳೆಯ ಶಾಸನಗಳ ಲಿಪಿಯೂ ಎ-ಏ, ಒ-ಓ ಬೇರೆ ಮಾಡುತ್ತಿರಲಿಲ್ಲ. ಅದು ನೆನಪಾದ ಮೇಲೆ ನನ್ನ ಗಾಬರಿ ಅರ್ಧ ಇಳಿಯಿತು: ಪದ ಗೊತ್ತಿದ್ದವರಿಗೆ ಹ್ರಸ್ವ-ದೀರ್ಘ ತಾನೇ ಗೊತ್ತಾಗುತ್ತದೆ.

ಅಭ್ಯಾಸಕ್ಕೆ ಫ್ರಾಸಿಕ್ಲೇಯಾ ಎಂಬ ಹುಡುಗಿಯ ಸಮಾಧಿ ಶಾಸನ ಹಿಡಿಯಿರಿ, ಕ್ರಿ.ಪೂ. 6ನೇ ಶತಮಾನದ್ದು. ಅವಳ ಪ್ರತಿಮೆ 1972ರಲ್ಲಿ ಅಥೆನ್ಸ್ ಸುತ್ತಲಿನ ಅಟ್ಟಿಕಾ ಸೀಮೆಯ ಮೆರೆಂಡಾದಲ್ಲಿ ಮಣ್ಣಿನಿಂದ ಮೇಲೆ ಬಂತು. ‘ಕೆಕ್ಲೇಸೊಮಾಯ್’, ಅಂದರೆ ‘ಕರೆಯಲ್ಪಡುವೆನು’: ಇಲ್ಲಿ ಒಂದೇ ಅಕ್ಷರ ಮೊದಲು ಎ, ಆಮೇಲೆ ಏ. ಮುಂದೆ ‘ಆಂಟಿ ಗಾಮೊ’. ಮತ್ತೆ ಅದೇ ಒಮಿಕ್ರಾನ್, ಮತ್ತೆ ಷಷ್ಠಿ! ‘ಆಂಟಿ’ ಅಂದರೆ ‘ಬದಲಿಗೆ’; ಕನ್ನಡದಲ್ಲೂ ‘ಮದುವೆಯ ಬದಲಿಗೆ’ ಎಂದೇ ಹೇಳುತ್ತೇವೆ, ಆ ‘ಯ’ ನೆನಪಿಟ್ಟರೆ ಸಾಕು. ಪೂರ್ತಿ ಓದಿದರೆ: ‘ಫ್ರಾಸಿಕ್ಲೇಯಾಳ ಗುರುತು. ಎಂದೆಂದಿಗೂ ಕನ್ಯೆ ಎಂದೇ ನನ್ನನ್ನು ಕರೆಯುವರು; ಮದುವೆಯ ಬದಲಿಗೆ ದೇವತೆಗಳಿಂದ ನನ್ನ ಪಾಲಿಗೆ ಬಂದದ್ದು ಈ ಹೆಸರು.’ ಇಷ್ಟು ಬಿಡಿಸಿದ ಮೇಲೆ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಂತರದ ಕಾಲದ ಕಲ್ಲುಗಳಲ್ಲಿ ಹೆಸರಿನ ಜೊತೆ ‘ಖೈರೆ’ ಪದೇ ಪದೇ ಸಿಗುತ್ತದೆ. ನಮ್ಮ ‘ನಮಸ್ಕಾರ’ದ ಹಾಗೆ, ಬಂದಾಗಲೂ ಅದೇ, ಹೊರಡುವಾಗಲೂ ಅದೇ.