ಅಪ್ಪನ ಸ್ಕೂಟರಿಗೆ ಸೈಡ್ ವೀಲ್ ಹಾಕಿಸಬಹುದೇ?

ಪ್ರಶ್ನೆ: ನಮ್ಮ ಮನೆ ಉಡುಪಿಯಲ್ಲಿ. ತಂದೆಗೆ 68 ವರ್ಷ. ಎಡ ಮೊಣಕಾಲು ಸವೆದಿದೆ, ಸ್ಕೂಟರ್ ನಿಲ್ಲಿಸಿದಾಗ ಆ ಕಾಲು ಊರಲು ಆಗುವುದಿಲ್ಲ. ಇತ್ತೀಚೆಗೆ ನಿಂತಲ್ಲೇ ವಾಲಿ ಬಿದ್ದರು. ಸ್ಕೂಟರ್ ಮಾತ್ರ ಬಿಡುವುದಿಲ್ಲ ಎನ್ನುತ್ತಾರೆ. ಹಿಂಚಕ್ರದ ಎರಡೂ ಬದಿಗೆ ಸೈಡ್ ವೀಲ್ ಹಾಕಿಸಿದರೆ ಸರಿಹೋಗುತ್ತದೆಯೇ? ಅಥವಾ ವಿದೇಶದಲ್ಲಿರುವಂಥ ಮೂರು ಚಕ್ರದ ಬೈಕ್ ತರಿಸಬಹುದೇ?

ಉತ್ತರ: ಹಾಕಿಸಬಹುದು, ಮತ್ತು ನಿಮ್ಮ ತಂದೆಯವರ ಮಟ್ಟಿಗೆ ಅದು ಸರಿಯಾದ ದಾರಿಯೇ ಆಗಿರಬಹುದು. ಏಕೆಂದರೆ ಅವರು ಬಿದ್ದದ್ದು ನಿಂತಾಗ, ಓಡಿಸುವಾಗ ಅಲ್ಲ. ನೂರು ಕಿಲೋ ಮೀರಿದ ಸ್ಕೂಟರ್ ಸ್ವಲ್ಪ ವಾಲಿದರೂ ಅದನ್ನು ತಡೆಯಬೇಕಾದದ್ದು ಒಂದು ಕಾಲು. ಆ ಕೆಲಸವನ್ನು ಸೈಡ್ ವೀಲ್ ಚೆನ್ನಾಗಿ ಮಾಡುತ್ತದೆ. ಬೇರೇನನ್ನೂ ಅದು ಮಾಡುವುದಿಲ್ಲ. ತಲೆಸುತ್ತು, ಮಸುಕಾದ ದೃಷ್ಟಿ, ಬ್ರೇಕ್ ಹಿಡಿಯುವಲ್ಲಿ ತಡ, ದಾರಿ ಮರೆಯುವುದು ಇವುಗಳಲ್ಲಿ ಯಾವುದಿದ್ದರೂ ಎಷ್ಟು ಚಕ್ರ ಜೋಡಿಸಿದರೂ ಫಲವಿಲ್ಲ. ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಮೂಳೆ ವೈದ್ಯರನ್ನೂ ಕಣ್ಣಿನ ವೈದ್ಯರನ್ನೂ ಕಾಣಿಸಿ.

ವಿದೇಶದ ಬೈಕುಗಳ ಮಾತನ್ನು ಬೇಗ ಮುಗಿಸುತ್ತೇನೆ. ಹಾರ್ಲೆ ಡೇವಿಡ್ಸನ್‌ನ ಟ್ರೈ ಗ್ಲೈಡ್‌ನಂಥವು ಹಿಂದೆ ಎರಡು ಚಕ್ರವಿರುವ, ಐನೂರು ಕಿಲೋ ಮೀರಿದ ಗಾಡಿಗಳು. ಪಿಯಾಜಿಯೋ 2006ರಲ್ಲಿ ತಂದ ಎಂಪಿ3, ಆಮೇಲೆ ಬಂದ ಯಮಹಾ ಟ್ರೈಸಿಟಿ ಇವುಗಳಿಗೆ ಮುಂದೆ ಎರಡು ಚಕ್ರ, ತಿರುವಿನಲ್ಲಿ ಸಾಮಾನ್ಯ ಸ್ಕೂಟರಿನಂತೆಯೇ ವಾಲುತ್ತವೆ. ವಾಲುವ ಗಾಡಿ ನಿಂತಾಗಲೂ ವಾಲುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಎಂಪಿ3ಯಲ್ಲಿ ಅದನ್ನು ತಡೆದು ಹಿಡಿಯಲು ಪ್ರತ್ಯೇಕ ಲಾಕ್ ಇದೆ. ಲಾಕ್ ಇಲ್ಲದಿದ್ದರೆ ಸೋತ ಮೊಣಕಾಲಿಗೆ ಇಂಥ ಗಾಡಿಯಿಂದ ಉಪಕಾರವಿಲ್ಲ. ಬಿಡಿಭಾಗ, ಸರ್ವಿಸ್ ಎಲ್ಲ ಊರಿನಲ್ಲೇ ಸಿಗುವ ಗೇರ್ ಇಲ್ಲದ ಸ್ಕೂಟರಿಗೆ ಸೈಡ್ ವೀಲ್ ಹಾಕಿಸುವುದೇ ನಮಗೆ ವಾಸ್ತವದ ದಾರಿ.

ಈಗ ಮುಖ್ಯ ವಿಷಯ. ನಿಂತಾಗ ಸುಲಭವಾಗುವ ಈ ಗಾಡಿ ಓಡುವಾಗ ಬೇರೆಯೇ ಗಾಡಿಯಾಗುತ್ತದೆ. ದ್ವಿಚಕ್ರ ವಾಹನವನ್ನು ವೇಗದಲ್ಲಿ ಎಡಕ್ಕೆ ತಿರುಗಿಸುವಾಗ ಸವಾರ ತನಗೆ ಅರಿವಿಲ್ಲದೆಯೇ ಎಡ ಹಿಡಿಯನ್ನು ತುಸು ಮುಂದಕ್ಕೆ ಒತ್ತುತ್ತಾನೆ. ಆಗ ಗಾಡಿ ಎಡಕ್ಕೆ ವಾಲಿ ತಿರುಗುತ್ತದೆ. ಸೈಡ್ ವೀಲ್ ಇರುವ ಗಾಡಿ ವಾಲುವುದಿಲ್ಲ. ಅದರಲ್ಲಿ ಎಡ ಹಿಡಿಯನ್ನು ಮುಂದಕ್ಕೆ ಒತ್ತಿದರೆ ಗಾಡಿ ಬಲಕ್ಕೆ, ಎಂದರೆ ಎದುರಿನಿಂದ ಬರುವ ಬಸ್ಸಿನ ಕಡೆಗೆ ಹೋಗುತ್ತದೆ. ದಶಕಗಳ ಕಾಲ ಸ್ಕೂಟರ್ ಓಡಿಸಿದವರೇ ಮೊದಲ ದಿನಗಳಲ್ಲಿ ಹೆಚ್ಚು ತಬ್ಬಿಬ್ಬಾಗುವುದು ಇದೇ ಕಾರಣಕ್ಕೆ. ಕೈಗೆ ಅಂಟಿದ ಅಭ್ಯಾಸವೇ ಅಡ್ಡ ಬರುತ್ತದೆ. ಜೊತೆಗೆ, ತಿರುವಿನಲ್ಲಿ ಗಾಡಿ ಸವಾರನನ್ನು ಹೊರಕ್ಕೆ ತಳ್ಳುತ್ತದೆ. ಮುಂದೆ ಒಂದೇ ಚಕ್ರ ಇರುವುದರಿಂದ ತಿರುಗುತ್ತಲೇ ಬ್ರೇಕ್ ಒತ್ತಿದರೆ ಮುಂಭಾಗದ ಹೊರಮೂಲೆಗೆ ಮಗುಚುವ ಅಪಾಯ ಹೆಚ್ಚು. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು, ಮೈಯನ್ನು ತಿರುವಿನ ಒಳಬದಿಗೆ ಬಾಗಿಸಬೇಕು. ಮಣಿಪಾಲದಿಂದ ಉಡುಪಿಗೆ ಇಳಿಯುವವರು, ಮಂಗಳೂರಿನ ಲೈಟ್‌ಹೌಸ್ ಹಿಲ್, ಕದ್ರಿ, ಬಿಕರ್ನಕಟ್ಟೆಯ ಇಳಿಜಾರುಗಳಲ್ಲಿ ದಿನವೂ ಓಡಾಡುವವರು ಇದನ್ನು ಖಾಲಿ ಮೈದಾನದಲ್ಲಿ ಕಲಿತೇ ರಸ್ತೆಗೆ ಇಳಿಯಬೇಕು.

ಹೊಂಡದ ಲೆಕ್ಕವೂ ಬದಲಾಗುತ್ತದೆ. ಸ್ಕೂಟರಿನಲ್ಲಿ ಮುಂಚಕ್ರ ಹೊಂಡ ತಪ್ಪಿಸಿಕೊಂಡರೆ ಹಿಂಚಕ್ರವೂ ತಪ್ಪಿಸಿಕೊಂಡಂತೆ. ಇಲ್ಲಿ ನೆಲದ ಮೇಲೆ ಮೂರು ಜಾಡು. ನಡುವಿನದ್ದನ್ನು ಉಳಿಸಲು ಹೋದರೆ ಬದಿಯ ಚಕ್ರ ಹೊಂಡಕ್ಕೆ ಇಳಿಯುತ್ತದೆ. ನಮ್ಮ ಕಾಂಕ್ರೀಟ್ ರಸ್ತೆಗಳ ಅಂಚು ಇನ್ನೂ ಕೆಟ್ಟದ್ದು. ಕಾಂಕ್ರೀಟ್ ಮುಗಿದಲ್ಲಿ ಅರ್ಧ ಅಡಿ ತಗ್ಗು, ಅದರಾಚೆ ಕೆಂಪು ಮಣ್ಣು, ಮಳೆಗಾಲದಲ್ಲಿ ಅದೆಲ್ಲ ನೀರಿನ ಅಡಿಯಲ್ಲಿ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತೆಂದು ಪೂರಾ ಎಡಕ್ಕೆ ಸರಿದರೆ ಎಡಗಡೆಯ ಚಕ್ರ ಆ ತಗ್ಗಿಗೆ ಜಾರುತ್ತದೆ. ಅಂಚಿನಿಂದ ಎರಡು ಅಡಿ ಬಿಟ್ಟೇ ಓಡಿಸಲಿ. ಬಸ್ಸಿನವರು ಕಾಯಲಿ.

ಇದೇ ಕಾರಣಕ್ಕೆ ಸೈಡ್ ವೀಲ್ ಕಿಟ್ ಆಯ್ಕೆಯಲ್ಲಿ ನಾನು ಮೊದಲು ನೋಡುವುದು ಸ್ಪ್ರಿಂಗ್. ಎರಡು ಚಕ್ರಗಳನ್ನು ಒಂದೇ ಗಟ್ಟಿ ಕಬ್ಬಿಣದ ಅಡ್ಡಪಟ್ಟಿಗೆ ಬೆಸುಗೆ ಹಾಕಿ ಕೂರಿಸುವ ಅಗ್ಗದ ಕೆಲಸವನ್ನು ದಯವಿಟ್ಟು ಒಪ್ಪಬೇಡಿ. ಗಾಡಿಯನ್ನು ತಳ್ಳುವುದು, ಹಿಂಬ್ರೇಕಿನ ಹಿಡಿತ ಎರಡೂ ನಡುವಿನ ಚಕ್ರದ್ದೇ. ಬದಿಯ ಚಕ್ರಗಳು ಗಾಡಿಯನ್ನು ಎತ್ತಿ ಹಿಡಿದಾಗ ನಡುವಿನ ಚಕ್ರ ತಗ್ಗಿನ ಮೇಲೆ ತೇಲಿ ಸುಮ್ಮನೆ ಗರಗರ ತಿರುಗುತ್ತದೆ, ಎಕ್ಸಲರೇಟರ್ ಎಷ್ಟು ತಿರುವಿದರೂ ಗಾಡಿ ಕದಲುವುದಿಲ್ಲ. ಪರೀಕ್ಷೆ ಸುಲಭ. ತಂದೆಯವರನ್ನು ಸೀಟಿನ ಮೇಲೆ ಕೂರಿಸಿ, ಒಂದು ಬದಿಯ ಚಕ್ರವನ್ನು ಎರಡು ಇಂಚು ದಪ್ಪದ ಹಲಗೆಯ ಮೇಲೆ ಹತ್ತಿಸಿ, ಬಗ್ಗಿ ನೋಡಿ. ನಡುವಿನ ಟಯರ್ ಮೈಭಾರದಿಂದ ತುಸು ಚಪ್ಪಟೆಯಾಗಿ ನೆಲವನ್ನು ಕಚ್ಚಿಕೊಂಡೇ ಇರಬೇಕು. ಅದು ನೆಲ ಬಿಟ್ಟರೆ, ಅಥವಾ ಕೈಯಿಂದ ಸುಲಭವಾಗಿ ತಿರುಗಿಸುವಂತಿದ್ದರೆ ಆ ಕಿಟ್ ಬೇಡ.

ಬ್ರೇಕಿನ ವಿಷಯ ನಿಮ್ಮ ತಂದೆಯವರಿಗಿಂತ ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರಿಗೆ ಹೆಚ್ಚು ಅಗತ್ಯ. ಇಂಥ ಪ್ರಶ್ನೆ ಅವರಿಂದಲೂ ಬರುವುದರಿಂದ ಹೇಳುತ್ತೇನೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಸ್ಕೂಟರುಗಳಲ್ಲಿ ಕಾಂಬಿ ಬ್ರೇಕ್ ಕಡ್ಡಾಯವಾಗಿದೆ, ಎಡಗೈಯ ಲಿವರ್ ಒಂದನ್ನೇ ಒತ್ತಿದರೂ ಎರಡೂ ಚಕ್ರಕ್ಕೆ ಬ್ರೇಕ್ ತಗಲುತ್ತದೆ. ಎಡಗೈ ಸೋತವರಿಗೆ ಉಳಿಯುವುದು ಬಲಗೈಯ ಮುಂಬ್ರೇಕ್ ಮಾತ್ರ. ಹಿಂಬ್ರೇಕನ್ನು ಕಾಲಿಗೋ ಬಲಗೈಗೋ ಜೋಡಿಸದೆ ಅವರು ರಸ್ತೆಗೆ ಇಳಿಯಲೇಬಾರದು. ಬಲಗೈ ಸೋತವರಿಗೆ ಎಕ್ಸಲರೇಟರೇ ತೊಡಕು.

ಎಲ್ಲರಿಗೂ ಬೇಕಾದದ್ದು ನಿಲ್ಲಿಸಿದಾಗ ಹಿಂಬ್ರೇಕನ್ನು ಹಿಡಿದಿಡುವ ಲಾಕ್ ಕ್ಲಿಪ್. ಸೈಡ್ ವೀಲ್ ಗಾಡಿಯನ್ನು ನೇರ ನಿಲ್ಲಿಸುತ್ತದೆ, ಇಳಿಜಾರಿನಲ್ಲಿ ಉರುಳದಂತೆ ತಡೆಯುವುದಿಲ್ಲ. ಹಿಂದಕ್ಕೆ ತೆಗೆಯುವುದು ಇನ್ನೊಂದು ಕಷ್ಟ. ಕಾಲಿನಿಂದ ನೂಕಲಾಗದವರು ತಗ್ಗಿಗೆ ಮುಖಮಾಡಿ ನಿಲ್ಲಿಸಿದರೆ ಯಾರಾದರೂ ಬಂದು ಎಳೆಯುವವರೆಗೆ ಅಲ್ಲೇ. ಟಿವಿಎಸ್ ಐಕ್ಯೂಬ್, ಏಥರ್ 450, ಚೇತಕ್‌ನಂಥ ವಿದ್ಯುತ್ ಸ್ಕೂಟರುಗಳಲ್ಲಿ ಹಿಂದಕ್ಕೆ ಚಲಿಸುವ ವ್ಯವಸ್ಥೆ ಇದೆ, ಮೊಣಕಾಲು ನೋವಿನವರಿಗೆ ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅವುಗಳಿಗೆ ಸೈಡ್ ವೀಲ್ ಹಾಕಿಸಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಪಡೆಯಿರಿ.

ಕಾಗದಪತ್ರದ ಕೆಲಸವನ್ನು ಗ್ಯಾರೇಜಿನವರು ಹಗುರವಾಗಿ ಹೇಳಿಬಿಡುತ್ತಾರೆ, ನೀವು ಹಾಗೆ ಎಣಿಸಬೇಡಿ. ದೈಹಿಕ ದೋಷ ಅಥವಾ ಅಂಗವೈಕಲ್ಯ ಇರುವವರ ಬಳಕೆಗಾಗಿ ಮಾರ್ಪಡಿಸಿದ ವಾಹನವನ್ನು ಮೋಟಾರು ವಾಹನ ಕಾಯ್ದೆ ಪ್ರತ್ಯೇಕವಾಗಿ ಗುರುತಿಸುತ್ತದೆ. ವಯಸ್ಸಾಗಿದೆ ಎನ್ನುವುದಷ್ಟೇ ಸಾಲದು, ಮೊಣಕಾಲಿನ ಸ್ಥಿತಿಯನ್ನು ವಿವರಿಸುವ ವೈದ್ಯರ ಪತ್ರ ಬೇಕು. ಅದನ್ನು ಹಿಡಿದು ಕಿಟ್ ಹಾಕಿಸುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ. ಮಾರ್ಪಾಡು ಆದ 14 ದಿನಗಳೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಚಾಲನಾ ಪರವಾನಗಿಯಲ್ಲೂ ಮಾರ್ಪಡಿಸಿದ ವಾಹನ ಎಂಬ ವರ್ಗ ಬೇರೆಯೇ ಇದೆ, ಅದಕ್ಕೆ ಅದೇ ಗಾಡಿಯಲ್ಲಿ ಪರೀಕ್ಷೆ ಕೊಡಬೇಕಾಗುತ್ತದೆ. 55 ದಾಟಿದವರ ಪರವಾನಗಿ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ನವೀಕರಣ ಹತ್ತಿರವಿದ್ದರೆ ಎರಡನ್ನೂ ಒಟ್ಟಿಗೆ ಮುಗಿಸಿಕೊಳ್ಳಿ. ವಿಮಾ ಕಂಪನಿಗೆ ತಿಳಿಸುವುದನ್ನು ಮಾತ್ರ ಮರೆಯಬೇಡಿ. ಹೇಳದೆ ಹಾಕಿಸಿದ ಚಕ್ರ ಅಪಘಾತದ ಪರಿಹಾರ ಕೇಳುವ ದಿನ ತಕರಾರಿಗೆ ಕಾರಣವಾಗುತ್ತದೆ.

ಓದುಗರಲ್ಲಿ ಪೋಲಿಯೊ ಅಥವಾ ಬೇರೆ ಕಾರಣದಿಂದ ಕಾಲಿನ ಶಕ್ತಿ ಕಳೆದುಕೊಂಡವರಿದ್ದರೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಂಡು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಯಂತ್ರಚಾಲಿತ ದ್ವಿಚಕ್ರ ವಾಹನ ಯೋಜನೆಯ ಬಗ್ಗೆ ಕೇಳಿ. ಸೈಡ್ ವೀಲ್ ಸಹಿತವೇ ವಾಹನ ಕೊಡುವ ಯೋಜನೆ ಅದು. ಅರ್ಹತೆಯ ನಿಬಂಧನೆಗಳಿವೆ, ಆದರೂ ಕೇಳದೆ ಬಿಡಬೇಡಿ. ಸ್ಥಳೀಯ ಸಂಸ್ಥೆಯಲ್ಲೂ ವಿಚಾರಿಸಿ.

ಕೊನೆಯದಾಗಿ, ಸಮಯ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಮೇ ಕೊನೆಯಲ್ಲಿ ಕಿಟ್ ಹಾಕಿಸಿ ಜೂನ್ ಮಳೆಯಲ್ಲಿ ಕಲಿಯುವ ಸಾಹಸ ಬೇಡ, ದೀಪಾವಳಿ ಕಳೆದ ಮೇಲೆ ಹಾಕಿಸಿದರೆ ಅಭ್ಯಾಸಕ್ಕೆ ಇಡೀ ಒಣ ಕಾಲ ಸಿಗುತ್ತದೆ. ಮೊದಲ ವಾರದ ಓಟ ಮುಗಿದ ಕೂಡಲೇ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿಸಿ. ಕಡಲ ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಬೆಸುಗೆಯ ಜಾಗಗಳಿಗೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಲ್ಲಿ ಬಣ್ಣ, ಬೇರಿಂಗಿಗೆ ಗ್ರೀಸ್ ಹಾಕಿಸಿ. ಬದಿಯ ಟಯರುಗಳ ಗಾಳಿಯನ್ನು ತಿಂಗಳಿಗೊಮ್ಮೆ ನೋಡಿ. ಒಂದರಲ್ಲಿ ಕಡಿಮೆಯಾದರೂ ಗಾಡಿ ಆ ಕಡೆಗೆ ಎಳೆಯುತ್ತದೆ, ಹ್ಯಾಂಡಲ್ ಹಿಡಿದ ಕೈ ಸೋಲುತ್ತದೆ.